ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಏನು ನೋಡಿದ್ರಿ?

"ಮಳೆಗಾಲದಲ್ಲಿ ಆಗುಂಬೆಗೆ ಹೋಗಿದ್ರಂತೆ. ಏನು ನೋಡಿದ್ರಿ?"

ಜುಲೈ ಕೊನೆಯಿಂದ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಲಿನ ಅಂಗಡಿಯಲ್ಲಿ ಕೇಳಿದರು. ಸ್ಟಾಫ್ ರೂಮಿನಲ್ಲಿ ಕೇಳಿದರು. ನಾದಿನಿ ಮನೆಯ ಪೂಜೆಗೆ ಹೋಗಿ ಊಟಕ್ಕೆ ಕೂತರೆ ಎಡಗಡೆಯವರೂ ಕೇಳಿದರು, ಬಲಗಡೆಯವರೂ ಕೇಳಿದರು. ಮೊದಮೊದಲು ನಗುತ್ತಾ ಹೇಳುತ್ತಿದ್ದೆ. ಈಗ ಬರೆದಿಡುತ್ತಿದ್ದೇನೆ. ಇನ್ಮೇಲೆ ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ಉತ್ತರ ಇಷ್ಟೇ. ಮಳೆ ನೋಡಿದೆವು.

ಇದನ್ನು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. "ಅದು ಸರಿ, ಸೂರ್ಯಾಸ್ತ ಕಾಣ್ತಾ?" ಅನ್ನುತ್ತಾರೆ. ಕಾಣಲಿಲ್ಲ. ಜುಲೈನಲ್ಲಿ ಆಗುಂಬೆಯಲ್ಲಿ ಸೂರ್ಯನೇ ಅಪರೂಪ. ಅದಕ್ಕೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಬೇಕು. ಆಕಾಶ ತಿಳಿಯಾಗಿದ್ದರೆ ದೂರದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೇ ಹೋಗಿದ್ದೆವು. "ಫೋಟೋ ತೋರಿಸಿ" ಅನ್ನುತ್ತಾರೆ. ತೋರಿಸಿದರೆ "ಎಲ್ಲಾ ಬೆಳ್ಳಗೆ ಬಂದಿದೆಯಲ್ರೀ" ಅಂತ ಮೊಬೈಲ್ ವಾಪಸ್ ಕೊಡುತ್ತಾರೆ. ಆಮೇಲೆ ಬರುತ್ತದೆ, ನನಗೆ ನಿಜವಾಗಿ ಸಿಟ್ಟು ತರಿಸುವ ಮಾತು. "ಪಾಪ, ವಯಸ್ಸಾದ ಅತ್ತೇನ ಆ ಮಳೆಯಲ್ಲಿ ಯಾಕೆ ಎಳ್ಕೊಂಡು ಹೋದ್ರಿ?"

ಯಾರೂ ಎಳೆದುಕೊಂಡು ಹೋಗಲಿಲ್ಲ. ಹೋಗೋಣ ಅಂದವರೇ ಅವರು. ಅವತ್ತು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿ ನಮ್ಮನ್ನೆಲ್ಲ ಎಬ್ಬಿಸಿದವರೂ ಅವರೇ.

ನಾನೂ ಒಂದು ಪ್ರಶ್ನೆ ಕೇಳುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, ನೀವ್ಯಾರೂ ಹೋಗಲಿಲ್ವಾ? ಮಾರಿಕಣಿವೆ ಅಂದರೆ ನಮ್ಮ ಜಿಲ್ಲೆಯ ಅಣೆಕಟ್ಟು, ವಾಣಿವಿಲಾಸ ಸಾಗರ. ಅದನ್ನು ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಒಮ್ಮೆ ತುಂಬಿದ ಮೇಲೆ ಮತ್ತೆ ಕೋಡಿ ಬೀಳಲು 89 ವರ್ಷ ಬೇಕಾಯಿತು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು ಆ ಭಾನುವಾರ. ಮಕ್ಕಳು, ಮುದುಕರು, ಬಾಣಂತಿಯರು ಎಲ್ಲ ಹೋಗಿ ನಿಂತು ನೀರು ನೋಡಿ ಬಂದರು. ಕಣ್ಣಲ್ಲಿ ನೀರು ಹಾಕಿಕೊಂಡವರನ್ನೂ ನೋಡಿದ್ದೇನೆ. ಅವತ್ತು ಯಾರೂ ಯಾರನ್ನೂ "ನೀರು ನೋಡೋಕೆ ಯಾಕೆ ಹೋದ್ರಿ" ಅಂತ ಕೇಳಲಿಲ್ಲ. ಕೋಡಿ ಬಿದ್ದ ನೀರು ನೋಡುವುದು ಸರಿ, ಅದು ಮುಗಿಲಿಂದ ಇಳಿಯುವುದನ್ನು ನೋಡುವುದು ತಪ್ಪಾ?

ಅತ್ತೆಗೆ 68 ವರ್ಷ. ತವರು ಚಳ್ಳಕೆರೆ ಕಡೆಯ ಹಳ್ಳಿ. ಶೇಂಗಾ ಬಿತ್ತಿ ಮುಗಿಲು ನೋಡುತ್ತಾ ಕೂರುವ ಮನೆ. ಭರಣಿ ಮಳೆ ಹೋಯ್ತು, ರೋಹಿಣಿ ಹೋಯ್ತು ಅಂತ ಬೆರಳು ಮಡಚಿ ಎಣಿಸುತ್ತಾ ಬೆಳೆದವರು. ಆ ಮನೆಯಲ್ಲಿ ಒಂದು ರೇಡಿಯೋ ಇತ್ತಂತೆ. ಬೆಳಿಗ್ಗೆ ಪ್ರದೇಶ ಸಮಾಚಾರದ ಕೊನೆಯಲ್ಲಿ ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು ಅಂತ ಓದುತ್ತಿದ್ದರು. ಆ ಪಟ್ಟಿಯಲ್ಲಿ ಆಗುಂಬೆಯ ಹೆಸರು ಬಂದೇ ಬರುತ್ತಿತ್ತು. ಅವರ ಅಪ್ಪ ಕೇಳಿಸಿಕೊಂಡು, "ಅಲ್ಲಿ ಬಿದ್ದಿದ್ರಲ್ಲಿ ಒಂದು ಪಾಲು ಇಲ್ಲಿ ಬಿದ್ದಿದ್ರೆ" ಅಂತ ಎದ್ದು ಹೊಲಕ್ಕೆ ಹೋಗುತ್ತಿದ್ದರಂತೆ. ಐವತ್ತು ವರ್ಷದಿಂದ ಅತ್ತೆ ಆ ಊರಿನ ಹೆಸರು ಕೇಳುತ್ತಲೇ ಇದ್ದರು. ಹೋದ ಜುಲೈನಲ್ಲಿ ಟಿವಿಯಲ್ಲಿ ಆಗುಂಬೆ ಮಳೆ ತೋರಿಸಿದಾಗ, ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು ಹೇಳಿದರು, "ಅಲ್ಲಿ ಬೀಳೋ ಮಳೇನ ಒಂದು ಸಲ ನೋಡ್ಬೇಕು ಕಣಮ್ಮ."

ಹೊರಡಲು ಇದಕ್ಕಿಂತ ಕಾರಣ ಬೇಕಾ?

ನಮ್ಮ ಚಿತ್ರದುರ್ಗದಿಂದ ಆಗುಂಬೆಗೆ ಸುಮಾರು 200 ಕಿಲೋಮೀಟರ್. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅಲ್ಲಿ ಸುಮಾರು 7,600. ಮಗಳು ಕಾರಿನಲ್ಲಿ ಕೂತು ಲೆಕ್ಕ ಹಾಕಿದಳು. ಬಿದ್ದ ಮಳೆ ಹರಿದು ಹೋಗದೆ ಅಲ್ಲೇ ನಿಂತರೆ ನಮ್ಮಲ್ಲಿ ಎರಡು ಅಡಿ ನೀರು, ಅಲ್ಲಿ 25 ಅಡಿ. ಜುಲೈ ಒಂದೇ ತಿಂಗಳಲ್ಲಿ ಅಲ್ಲಿ ಬೀಳುವಷ್ಟು ಮಳೆ ನಮಗೆ ಮೂರು ವರ್ಷಕ್ಕೂ ಬೀಳುವುದಿಲ್ಲ. ಆಗುಂಬೆ ತುಂಬಾ ಎತ್ತರದಲ್ಲಿದೆ, ಅದಕ್ಕೇ ಹಾಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಆಗುಂಬೆ ಊರು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರ, ನಮ್ಮ ದುರ್ಗ 730ರ ಹತ್ತಿರ. ನಾವೇ ಮೇಲಿದ್ದೇವೆ. ಆದರೆ ಆಗುಂಬೆ ಇರುವುದು ಘಟ್ಟದ ಅಂಚಿನಲ್ಲಿ. ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಮೊದಲು ಆ ಗೋಡೆಗೆ ಬಡಿಯುತ್ತದೆ. ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಘಟ್ಟ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಉಳಿದಿರುವುದು ಬರೀ ಗಾಳಿ. ಆಷಾಢದಲ್ಲಿ ದುರ್ಗದ ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಫ್ಯಾನುಗಳು ಗಿರಗಿರ ತಿರುಗುತ್ತವಲ್ಲ, ಅದೇ ಗಾಳಿ.

ಇದನ್ನು ನಮ್ಮ ಮನೆಯವರು ಕಾರು ಓಡಿಸುತ್ತಾ ವಿವರಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಐವತ್ತು ವರ್ಷದಿಂದ ನಮಗೆ ಬರ್ತಿರೋದು ಖಾಲಿ ಚೀಲ" ಅಂದರು.

ಹೊಳಲ್ಕೆರೆ ದಾಟುವವರೆಗೂ ರಸ್ತೆ ಒಣಗಿತ್ತು. ಶಿವಮೊಗ್ಗದಲ್ಲಿ ಜಿನುಗು. ಗಾಜನೂರಿನಲ್ಲಿ ತುಂಗಾ ಡ್ಯಾಮಿನ ಗೇಟು ತೆರೆದಿದ್ದರು. ಕೆಂಪು ನೀರು ನೊರೆ ಕಟ್ಟಿಕೊಂಡು ಹೊರಗೆ ನುಗ್ಗುತ್ತಿತ್ತು. ಅತ್ತೆ ಅಲ್ಲಿ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ನಿಂತರು. ತೀರ್ಥಹಳ್ಳಿ ಆದ ಮೇಲೆ ವೈಪರ್ ಎಷ್ಟು ಜೋರಾಗಿ ಆಡಿದರೂ ಸಾಲುತ್ತಿರಲಿಲ್ಲ.

ನಾವು ಉಳಿದುಕೊಂಡದ್ದು ಊರಿಂದ ಸ್ವಲ್ಪ ಆಚೆ, ಅಡಿಕೆ ತೋಟದ ಪಕ್ಕದ ಒಂದು ಹಂಚಿನ ಮನೆಯಲ್ಲಿ. ಕರೆಂಟು ಹೋಗಿ ಎರಡು ದಿನ ಆಗಿತ್ತು. ಮನೆಯಾಕೆ ನಮಗೆ ಬಿಸಿ ಬಿಸಿ ಕಷಾಯ, ಹಲಸಿನ ಹಪ್ಪಳ ಕೊಟ್ಟರು. ನಾವು ಅದನ್ನು ಕುಡಿಯುತ್ತಾ ಕೂತಿದ್ದಾಗ ಅತ್ತೆ ಕಾಣಲಿಲ್ಲ.

ಹೊರಗೆ ಹೋಗಿ ನೋಡಿದೆ. ಸೂರಿನ ಅಂಚಿನಿಂದ ನೀರು ದಾರ ಬಿಟ್ಟ ಹಾಗೆ ಇಳಿಯುತ್ತಿತ್ತು, ಈ ತುದಿಯಿಂದ ಆ ತುದಿಯವರೆಗೆ. ಅತ್ತೆ ಬಚ್ಚಲಿನಿಂದ ಬಕೆಟ್ ತಂದು ಅದರ ಕೆಳಗೆ ಇಟ್ಟಿದ್ದರು. ನಾನು ನೋಡುತ್ತಿದ್ದ ಹಾಗೇ ತುಂಬಿತು. ಇನ್ನೊಂದು ಬಕೆಟ್ ಇಟ್ಟರು. ಅದೂ ತುಂಬಿತು. ಅಂಗಳದಲ್ಲಿದ್ದ ತಪ್ಪಲೆ ಇಟ್ಟರು. ಮತ್ತೆ ಸುತ್ತ ನೋಡಿದರು. ಇಡಲು ಬೇರೆ ಪಾತ್ರೆ ಇರಲಿಲ್ಲ. ತುಂಬಿದ ಬಕೆಟ್ಟಿನ ಮೇಲೆ ನೀರು ಬಿದ್ದು ಸುತ್ತಲೂ ಚೆಲ್ಲುತ್ತಿತ್ತು. "ಹೋಗ್ತಾ ಇದೆಯಲ್ಲ" ಅಂದರು. ಅವರ ಕೈ ಬಕೆಟ್ಟಿನ ಅಂಚಿನ ಮೇಲಿತ್ತು.

ನಿಮಗೆ ಅರ್ಥ ಆಗಬೇಕಾದರೆ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಅತ್ತೆ ಒಂದು ಚೊಂಬು ನೀರಿನಲ್ಲಿ ಕೈ, ಕಾಲು, ಮುಖ ಮೂರನ್ನೂ ತೊಳೆಯುತ್ತಾರೆ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ. ನಲ್ಲಿ ಬರುವ ದಿನ ಯಾರ ಮನೆಯ ಮದುವೆಗೂ ಹೋಗುವುದಿಲ್ಲ. ನಾವು ಹನಿ ಹಿಡಿದಿಟ್ಟುಕೊಂಡ ಊರಿನವರು. ಕೋಟೆ ಹತ್ತಿ ನೋಡಿ, ಪಾಳೆಯಗಾರರ ಕಾಲದವರು ಬಂಡೆ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಅಂತ ತಡೆದು ಇಟ್ಟಿದ್ದಾರೆ. ಊರೊಳಗೆ ಒಂದು ಹೊಂಡಕ್ಕೆ ಸಿಹಿನೀರು ಹೊಂಡ ಅಂತಲೇ ಹೆಸರು. ನೀರು ಸಿಹಿ ಇರುವುದೇ ದೊಡ್ಡ ಸುದ್ದಿಯಾದ ಊರಿನಲ್ಲಿ ಮಾತ್ರ ಅಂಥ ಹೆಸರು ಇಡುತ್ತಾರೆ.

ಅತ್ತೆ ಚೊಂಬು ತಗೊಂಡರು. ಸೀರೆ ಸ್ವಲ್ಪ ಮೇಲೆತ್ತಿ ಕಾಲ ಮೇಲೆ ಒಂದು ಚೊಂಬು ಸುರಿದುಕೊಂಡರು. ನಿಂತರು. ಎರಡನೆಯದು ಸುರಿದುಕೊಂಡರು. ನನ್ನ ಮುಖ ನೋಡಿದರು. ಮೂರನೆಯದು, ನಾಲ್ಕನೆಯದು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರು ಎರಡನೇ ಚೊಂಬು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಇದರ ಫೋಟೋ ನನ್ನ ಹತ್ತಿರ ಇಲ್ಲ. ತೆಗೆಯಬೇಕು ಅಂತ ಅನಿಸಲೂ ಇಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೂರ್ಯಾಸ್ತದ ಜಾಗಕ್ಕೂ ಹೋದೆವು. ಮಂಜು ಬಿಟ್ಟು ಏನೂ ಇರಲಿಲ್ಲ. ಹದಿನಾಲ್ಕು ತಿರುವಿನ ಘಾಟಿ ಅಲ್ಲೇ ಕೆಳಗಿದೆ, ಒಂದು ತಿರುವೂ ಕಾಣಲಿಲ್ಲ. ಮಗನ ಕಾಲಿಗೆ ಇಂಬಳ ಹತ್ತಿತು, ಉಪ್ಪು ಹಾಕಿ ಬಿಡಿಸಿದೆವು. ಒನಕೆ ಅಬ್ಬಿಯ ದಾರಿ ಮಳೆಯಲ್ಲಿ ಸರಿಯಿಲ್ಲ ಅಂದರು, ಹೋಗಲಿಲ್ಲ. ಆ ಹೆಸರು ಕೇಳಿದ್ದೇ ಮಗ ಎದ್ದು ನಿಂತು, "ಒನಕೆ ಓಬವ್ವ ಇಲ್ಲಿಗೂ ಬಂದಿದ್ಲಾ?" ಅಂತ ಕೇಳಿದ. ದುರ್ಗದ ಹುಡುಗ ಇನ್ನೇನು ಕೇಳುತ್ತಾನೆ! ಅಬ್ಬಿ ಅಂದರೆ ಜಲಪಾತ ಅಂತ ಮನೆಯಾಕೆ ಹೇಳಿಕೊಟ್ಟರು.

ಈಗ ಹೇಳುತ್ತೇನೆ, ನೀವು ಕೇಳಬೇಕಾಗಿದ್ದ ಪ್ರಶ್ನೆ ಯಾವುದು ಅಂತ. "ಅತ್ತೆ ಏನಂದ್ರು?" ಅಂತ ಕೇಳಬೇಕಿತ್ತು. ಇಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅವರಿಗೆ ತೊಂದರೆ ಆಯಿತಾ ಅಂತ ಕೇಳಿದವರು ಎಷ್ಟೋ ಜನ. ಅವರಿಗೆ ಏನು ಅನಿಸಿತು ಅಂತ ಯಾರೂ ಕೇಳಲಿಲ್ಲ. ವಯಸ್ಸಾದ ಹೆಂಗಸರಿಗೆ ದೇವಸ್ಥಾನ ಬಿಟ್ಟು ಬೇರೆ ಏನನ್ನಾದರೂ ನೋಡುವ ಆಸೆ ಇರುತ್ತದೆ ಅನ್ನೋದೇ ನಮ್ಮ ಜನರಿಗೆ ಹೊಳೆಯುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಅತ್ತೆ ಒಲೆ ಮುಂದೆ ಕೂತು ಮನೆಯಾಕೆಯನ್ನು ಕೇಳಿದರು, "ಇಷ್ಟು ನೀರು ಕೊಟ್ಟಿದ್ದಾನೆ ದೇವರು. ನಿಮಗೇನಮ್ಮ ಕಷ್ಟ?"

ಆಕೆ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಿದ್ದರು. ಸುತ್ತುವುದನ್ನು ನಿಲ್ಲಿಸಿ, "ಬನ್ನಿ ಮಾರಾಯ್ರೆ" ಅಂತ ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋಗಿ ತೋಟ ತೋರಿಸಿದರು. ಮರದ ಬುಡದಲ್ಲಿ ಹಸಿರು ಅಡಿಕೆ ಉದುರಿ ಬಿದ್ದಿತ್ತು. ಕೊಳೆ ರೋಗ. ಮಳೆ ಬಿಡದೆ ಹಿಡಿದರೆ ಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿ ಗೊನೆಗೆ ಹೊಡೆಯಬೇಕು. ಹೊಡೆಯಲು ಮಳೆ ಬಿಡಬೇಕು, ಮರ ಹತ್ತುವವರು ಸಿಗಬೇಕು. "ಎರಡು ದಿನ ಹೊಳವಾದ್ರೆ ಸಾಕಿತ್ತು" ಅಂದರು ಆಕೆ. ಅತ್ತೆಗೆ ಆ ಮಾತು ಅರ್ಥ ಆಗಲಿಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟು ಬೆಳಕಾಗುವುದಕ್ಕೆ ಅವರ ಕಡೆ ಹೊಳವು ಅನ್ನುತ್ತಾರೆ. ನಮ್ಮ ಕಡೆ ಆ ಮಾತಿಗೆ ಕೆಲಸವೇ ಇಲ್ಲ. ಮಳೆ ನಿಲ್ಲಲಿ ಅಂತ ಕೈ ಮುಗಿದವರನ್ನು ನಾನಂತೂ ನೋಡಿಲ್ಲ.

ಅತ್ತೆ ಒಂದು ಕೊಳೆತ ಅಡಿಕೆ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ನಮ್ದು ಒಣಗಿ ಹೋಗುತ್ತೆ, ನಿಮ್ದು ಕೊಳೆತು ಹೋಗುತ್ತೆ" ಅಂದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಶೇಂಗಾ ಬಗ್ಗೆ, ಅಡಿಕೆ ಬಗ್ಗೆ, ಬೆಳೆ ಕೈಕೊಟ್ಟ ವರ್ಷಗಳ ಬಗ್ಗೆ. ಹೊರಡುವಾಗ ಅತ್ತೆ ಕೇಳಿದ ಕೊನೆಯ ಪ್ರಶ್ನೆ, "ಈ ನೀರು ಎಲ್ಲಿಗೆ ಹೋಗುತ್ತೆ?" ಘಟ್ಟದ ಆಚೆ ಬಿದ್ದದ್ದು ಸೀತಾ ನದಿ ಸೇರಿ ಸಮುದ್ರಕ್ಕೆ. ಈಚೆ ಬಿದ್ದದ್ದು ಮಾಲತಿ ಹೊಳೆ ಸೇರಿ ತುಂಗೆಗೆ. ತುಂಗೆಯ ನೀರನ್ನು ಭದ್ರೆಗೆ ಎತ್ತಿ ಅಲ್ಲಿಂದ ನಮ್ಮ ಜಿಲ್ಲೆಗೆ ಹರಿಸುವುದೇ ಭದ್ರಾ ಮೇಲ್ದಂಡೆ ಯೋಜನೆ. ಎಷ್ಟೋ ವರ್ಷದಿಂದ ಕೆಲಸ ನಡೆಯುತ್ತಲೇ ಇದೆ. ಇದನ್ನು ಕೇಳಿದ ಅತ್ತೆ ಅಂಗಳದಲ್ಲಿ ಹರಿಯುತ್ತಿದ್ದ ನೀರನ್ನು ನೋಡಿ, "ಇದು ಈಚೆ ಕಡೇದೋ, ಆಚೆ ಕಡೇದೋ?" ಅಂದರು. ಈಚೆ ಕಡೆಯದು ಅಂದರು ಮನೆಯಾಕೆ. ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಅತ್ತೆ ಹೊದ್ದುಕೊಂಡು ಹೋಗಿದ್ದ ಚಳ್ಳಕೆರೆ ಕಂಬಳಿ ಅಲ್ಲಿ ಎರಡು ದಿನ ಒಲೆ ಮೇಲೆ ನೇತು ಹಾಕಿದರೂ ಒಣಗಲಿಲ್ಲ. ದುರ್ಗಕ್ಕೆ ಬಂದು ತಾರಸಿಯಲ್ಲಿ ಹರವಿದೆವು. ನಮ್ಮ ಗಾಳಿಗೆ ಮಧ್ಯಾಹ್ನದೊಳಗೆ ಒಣಗಿತು. ಅತ್ತೆ ಅದನ್ನು ಮೂಸಿ ನೋಡಿ, ಒಗೆಯೋದು ಬೇಡ ಅಂತ ಹಾಗೇ ಮಡಚಿ ಟ್ರಂಕಿನಲ್ಲಿಟ್ಟರು.

ಏನು ನೋಡಿದ್ರಿ ಅಂತ ಇನ್ನೂ ಕೇಳೋದಿದ್ರೆ ಮನೆಗೆ ಬಂದು ಅವರನ್ನೇ ಕೇಳಿ. ಚೆನ್ನಾಗಿ ಹೇಳುತ್ತಾರೆ. ನಲ್ಲಿ ಬರುವ ದಿನ ಮಾತ್ರ ಬರಬೇಡಿ.