ಮಂಡಿ ಬಗ್ಗಿಸಿ

20 ಆಗಸ್ಟ್ 2025, ಬುಧವಾರ
ಮಂಡ್ಯ, ರಾತ್ರಿ 9.40

ಇವತ್ತು ಡೈರಿ ಲ್ಯಾಬಲ್ಲಿ ಎರಡು ಸ್ಯಾಂಪಲ್ ಸುಟ್ಟೆ.

ಗಾಜು ಒಡೆದಿಲ್ಲ, ಒಳಗಿನ ಹಾಲು ಕರಕಲಾಯ್ತು. ಹಾಲಲ್ಲಿ ಕೊಬ್ಬು ಎಷ್ಟಿದೆ ಅಂತ ನೋಡೋ ಗರ್ಬರ್ ಟೆಸ್ಟ್ ಅದು. ಅದರ ಗಾಜಿನ ಕೊಳವೆ ಬ್ಯುಟಿರೋಮೀಟರ್‌ಗೆ ಮೊದಲು ಸಲ್ಫ್ಯೂರಿಕ್ ಆಸಿಡ್ 10 ಎಂಎಲ್, ಅದರ ಮೇಲೆ ಹಾಲು 10.75 ಎಂಎಲ್. ಹಾಲನ್ನ ಗಾಜಿನ ಗೋಡೆಗೆ ತಾಕಿಸಿಕೊಂಡು ನಿಧಾನಕ್ಕೆ ಇಳಿಸಬೇಕು, ಆಸಿಡ್ ಮೇಲೆ ಅದು ಬೇರೆ ಪದರ ಆಗಿ ಕೂರೋ ಹಾಗೆ. ನಾನು ಆತುರದಲ್ಲಿ ಪಿಪೆಟ್ ನೆಟ್ಟಗೆ ಹಿಡಿದು ಬಿಟ್ಟುಬಿಟ್ಟೆ, ಬಿದ್ದ ಜಾಗದಲ್ಲೇ ಬಿಸಿಯಾಗಿ ಕಪ್ಪಗಾಯ್ತು. ಆದ್ರೂ ಸರಿಹೋಗುತ್ತೇನೋ ಅಂತ ಅಮೈಲ್ ಆಲ್ಕೋಹಾಲ್ 1 ಎಂಎಲ್ ಹಾಕಿ, ಬಿರಡೆ ಹಾಕಿ, ಕುಲುಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದೆ. ಕತ್ತಿನಲ್ಲಿ ತಿಳಿ ಹಳದಿ ಬಣ್ಣದ ಕೊಬ್ಬು ಕಡ್ಡಿ ಥರ ನಿಲ್ಲಬೇಕು, ಅದರ ಬುಡದಲ್ಲಿ ಮಸಿ ಚೂರು ಕೂತಿತ್ತು. ಎಲ್ಲಿಂದ ಓದೋದು? ಎರಡನೇದೂ ಹಂಗೇ.

ಹೊರಗೆ ಟ್ಯಾಂಕರ್ ನಿಂತಿತ್ತು, ನಮ್ಮ ರಿಸಲ್ಟ್ ಹೋಗದೆ ಹಾಲು ಇಳಿಸೋ ಹಾಗಿಲ್ಲ. ಮಿಲ್ಕ್ ಅನಲೈಸರ್ ಮಷೀನ್ ಇದೆ, ಅದು ನಿಮಿಷದಲ್ಲಿ ಫ್ಯಾಟು ಎಸ್‌ಎನ್‌ಎಫ್ಫು (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎರಡೂ ಹೇಳುತ್ತೆ, ಆದ್ರೆ ಆ ಮಷೀನ್ ಸರಿ ಹೇಳ್ತಿದೆಯಾ ಅಂತ ನೋಡೋಕೆ ನಮ್ಮ ಲ್ಯಾಬಲ್ಲಿ ದಿನಾ ಗರ್ಬರ್ ಮಾಡ್ತಾರೆ, ಆ ಡ್ಯೂಟಿ ಈ ವಾರ ನಂದು. ಶಿಫ್ಟ್ ಇನ್‌ಚಾರ್ಜ್ ಹುಡುಗ ಬಂದು ನೋಡಿದ. ಇಪ್ಪತ್ತೈದು ವಯಸ್ಸಿರಬಹುದು. "ಮೇಡಂ, ಇದು ಬರಲ್ಲ, ಇನ್ನೊಂದ್ಸಲ ಹಾಕಿಬಿಡಿ, ಟೈಮ್ ಇದೆ" ಅಂದ. ಟೈಮ್ ಇರಲಿಲ್ಲ, ನನಗೂ ಗೊತ್ತಿತ್ತು ಅವನಿಗೂ ಗೊತ್ತಿತ್ತು. ಗದರಿದ್ರೆ ಪರವಾಗಿರ್ತಿರಲಿಲ್ಲ, ಅಷ್ಟು ಮೆತ್ತಗೆ ಹೇಳಿದ್ದಕ್ಕೇ ಕಣ್ಣಲ್ಲಿ ನೀರು ಬಂತು. ತಿರುಗಿಕೊಂಡು ಗಾಜು ತೊಳೆಯೋ ಹಾಗೆ ನಿಂತುಕೊಂಡೆ.

ಒಂಬತ್ತು ವರ್ಷ ನಾಲ್ಕು ತಿಂಗಳು ಸಕ್ಕರೆ ಫ್ಯಾಕ್ಟರಿ ಲ್ಯಾಬಲ್ಲಿ ಇದ್ದೋಳು ನಾನು. ಕಬ್ಬಿನ ಜ್ಯೂಸ್ ಬಂದ್ರೆ ಸೋಸಿ, ಸಕ್ಕರೆ ಅಂಶ ಅಳೆಯೋ ಪೋಲರಿಮೀಟರ್ ಟ್ಯೂಬಿಗೆ ಒಂದು ಗಾಳಿಗುಳ್ಳೆ ಇರದ ಹಾಗೆ ತುಂಬೋದು ಕಣ್ಣು ಮುಚ್ಚಿಕೊಂಡು ಮಾಡ್ತಿದ್ದೆ. ಬಣ್ಣ ನೋಡೇ ಪ್ಯೂರಿಟಿ ಇಷ್ಟಿರಬಹುದು ಅಂತ ಹೇಳ್ತಿದ್ದೆ, ಬಹಳ ಸಲ ಅಷ್ಟೇ ಬರ್ತಿತ್ತು. ಟ್ರೈನಿಗಳು ಬಂದ್ರೆ ನನ್ನ ಹತ್ರಾನೇ ಕಳಿಸ್ತಿದ್ರು. ಇಲ್ಲಿ ನಾನೇ ಟ್ರೈನಿ. ಯಾರೂ ಹಂಗೆ ಕರೆಯಲ್ಲ, ಆದ್ರೂ ಗೊತ್ತಾಗುತ್ತೆ.

ಬಳೆ ವಿಷಯ ಮನೇಲಿ ಇನ್ನೂ ಮುಗಿದಿಲ್ಲ. ಪ್ಲಾಂಟ್ ಒಳಗೆ ಬಳೆ, ಉಂಗುರ, ವಾಚು ಏನೂ ಹಾಕೋ ಹಾಗಿಲ್ಲ. ಒಂದು ಚೂರು ಗಾಜು ಬಿದ್ರೂ ಇಡೀ ಬ್ಯಾಚ್ ಹೋಯ್ತು, ಆ ಹಾಲು ಮಕ್ಕಳು ಕುಡಿಯೋದು, ನಿಯಮ ಸರಿಯಾಗೇ ಇದೆ. ಮೊದಲನೇ ದಿನ ಸೋಪು ಹಚ್ಚಿ ಬಳೆ ತೆಗೆದೆ, ಮದುವೆ ಆದಮೇಲೆ ಕೈ ಬರಿದಾಗಿದ್ದು ಅದೇ ಮೊದಲು ಅನ್ಸುತ್ತೆ, ಮಣಿಕಟ್ಟಿನ ಹತ್ರ ಚರ್ಮ ಬೇರೆ ಬಣ್ಣ ಇದೆ. ಸಂಜೆ ಮರೆತು ಬರಿಗೈಲೇ ಮನೆಗೆ ಬಂದೆ, ಅತ್ತೆ ಬಾಗಿಲಲ್ಲೇ ನೋಡಿದ್ರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ದೇವರ ಮುಂದೆ ಇದ್ದ ಎರಡು ಹಸಿರು ಬಳೆ ತಂದು ಅವರೇ ನನ್ನ ಕೈಗೆ ಏರಿಸಿದ್ರು, ನೋವಾಗೋ ಹಾಗೆ. ಅವತ್ತಿಂದ ಬಳೆ ಟಿಫನ್ ಬ್ಯಾಗಿನ ಸೈಡ್ ಜಿಪ್‌ನಲ್ಲಿ ಇರ್ತವೆ, ವಾಪಸ್ ಬರೋವಾಗ ನಾಗನಹಳ್ಳಿ ಹತ್ರ ಹಾಕ್ಕೊಂಡುಬಿಡ್ತೀನಿ. ಇವತ್ತು ಹಾಕ್ಕೊಳ್ಳೋವಾಗ ಒಂದು ಒಡೀತು. ಈ ದಿನಾನೇ ಹಂಗಿತ್ತು.

ಮಧ್ಯಾಹ್ನದ ವಿಷಯ ಬರೀಬೇಕು ಅಂತಾನೇ ಕೂತಿದ್ದು.

ಲ್ಯಾಬಲ್ಲಿ ಗಾಜಿನ ಸಾಮಾನು ತೊಳೆಯೋ ಅಕ್ಕ ಒಬ್ರಿದಾರೆ, ಪಾಂಡವಪುರದ ಕಡೆಯವರು, ಐವತ್ತು ದಾಟಿದೆ. ಸುಟ್ಟ ಎರಡನ್ನೂ ಅವರೇ ತಗೊಂಡು ಹೋಗಿ ತೊಳೆದ್ರು. ಊಟಕ್ಕೆ ಎಲ್ರೂ ಹೋದಮೇಲೆ ನಾನು ಒಬ್ಬಳೇ ಹಾಲಿನ ಸಾಂದ್ರತೆ ಅಳೆಯೋ ಲ್ಯಾಕ್ಟೋಮೀಟರ್ ನೋಡ್ತಿದ್ದೆ. ಹಾಲು ತುಂಬಿದ ಜಾರ್ ಟೇಬಲ್ ಮೇಲೆ ಇಟ್ಟು, ಲ್ಯಾಕ್ಟೋಮೀಟರ್ ಮೆಲ್ಲಗೆ ತೇಲಿಬಿಟ್ಟು, ಅದು ತೂಗೋದು ನಿಲ್ಲೋವರೆಗೂ ಕಾದು, ಬಗ್ಗಿ ಓದಿದೆ. ಎದ್ದು ತಿರುಗಿದ್ರೆ ಅಕ್ಕ ಬಾಗಿಲಲ್ಲಿ ನಿಂತಿದ್ರು.

"ಅಲ್ಲ ಕಣವ್ವ, ಮಂಡಿ ಬಗ್ಗಿಸಿ ನೋಡೋದ ನಿಂಗ್ಯಾರು ಏಳ್ಕೊಟ್ರು?"

ನನಗೆ ಅರ್ಥ ಆಗಲಿಲ್ಲ. ಯಾಕಕ್ಕ, ತಪ್ಪಾಯ್ತಾ ಅಂದೆ. ಅಷ್ಟೊತ್ತಿಗೆ ಯಾರು ಏನು ಕೇಳಿದ್ರೂ ತಪ್ಪಾಯ್ತಾ ಅನ್ನೋ ಸ್ಥಿತಿಗೆ ಬಂದಿದ್ದೆ.

"ತಪ್ಪೇನಿಲ್ಲ. ಈ ಹುಡುಗ್ರು ಸೊಂಟ ಬಗ್ಗಿಸಿ ಮೇಲಿಂದ ನೋಡ್ತವೆ. ಅಡ್ಡಡ್ಡ ನೋಡ್ತವೆ. ನೀನು ಮಂಡಿ ಮಡಚಿ ಕಣ್ಣ ಅದ್ರ ಮಟ್ಟುಕ್ಕೆ ತಂದೆ, ಉಸ್ರು ಕೂಡ ಬುಡ್ಲಿಲ್ಲ. ನಾನ್ ಓದ್ದೋಳಲ್ಲ, ಆದ್ರೆ ಅದ್ನೆಂಟು ವರ್ಸದಿಂದ ಇಲ್ಲೇ ನಿಂತ್ಕಂಡು ನೋಡ್ತಾ ಇವ್ನಿ."

ಆಮೇಲೆ ಅವರೇ ಸ್ಟೂಲ್ ಎಳ್ಕೊಂಡು ಕೂತ್ರು. ಇಲ್ಲಿಗೆ ಬರೋಕೆ ಮುಂಚೆ ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೋಗ್ತಿದ್ರಂತೆ, ಮದುವೆಗೂ ಮುಂಚಿನಿಂದ. ಬಿಸಿನೀರಲ್ಲಿ ಬೆಂದ ಗೂಡಿನ ಎಳೆ ತುದಿಯನ್ನ ಬೆರಳಲ್ಲೇ ಹುಡುಕಬೇಕು, ಎಳೆ ಕಡಿದ್ರೆ ಇನ್ನೊಂದು ಗೂಡಿನ ಎಳೆ ತಂದು ಸೇರಿಸಬೇಕು, ಕಣ್ಣಿಗೆ ಕಾಣೋವಷ್ಟು ದಪ್ಪ ಇರಲ್ಲ ಅದು. ಆ ಯೂನಿಟ್ ಮುಚ್ಚಿದಮೇಲೆ ಇಲ್ಲಿಗೆ ಬಂದ್ರು. "ಬಂದ ಒಸದ್ರಲ್ಲಿ ದಿನಕ್ಕೊಂದು ಗಾಜು ಒಡೀತಿದ್ದೆ ಕಣವ್ವ. ಬಿಸಿನೀರಲ್ಲಿ ಬೆಂದು ಬೆಂದು ಬೆರಳು ಮರಗಟ್ಟೋಗಿದ್ವು, ಗಾಜು ಇಡದಿದ್ದೀನೋ ಇಲ್ವೋ ತಿಳೀತಾನೆ ಇರ್ಲಿಲ್ಲ. ಮನ್ಗೋಗಿ ಅಳ್ತಿದ್ದೆ. ನಮ್ಮನೇರು ಬುಟ್ಬುಡು ಅಂದ್ರು. ಬುಟ್ಟು ಎಲ್ಗೋಗ್ಲಿ?"

ಈಗ ಹೇಗೆ ಅಂದ್ರೆ, ಬಿರಡೆ ಸರಿಯಾಗಿ ಕೂತಿದೆಯೋ ಇಲ್ವೋ ಅಂತ ಬೆರಳು ಸವರಿ ಹೇಳ್ತಾರೆ. ನನ್ನ ಮುಂದೆಯೇ ನಾಲ್ಕು ಬ್ಯುಟಿರೋಮೀಟರ್ ಮುಟ್ಟಿ ನೋಡಿ ಒಂದನ್ನ ಪಕ್ಕಕ್ಕಿಟ್ರು, "ಇದು ಲೀಕಾಯ್ತದೆ" ಅಂತ. ಆ ಬಿರಡೆ ನಾನು ತೆಗೆದು ನೋಡಿದೆ, ರಬ್ಬರ್ ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ಬಿಸಿ ಆಸಿಡ್ ತುಂಬಿದ್ದನ್ನ ಕೈಯಲ್ಲಿ ಹಿಡಿದು ಕುಲುಕೋದು ನಾವು, ಆ ಸೀಳು ಅವರು ಹಿಡಿಯದೇ ಹೋಗಿದ್ರೆ ಅಂತ ನೆನೆಸಿಕೊಂಡ್ರೆ ಈಗಲೂ ಕೈ ನಡುಗುತ್ತೆ.

ಮಂಡಿ ಬಗ್ಗಿಸೋದು ಕಲಿಸಿದ್ದು ಸಕ್ಕರೆ ಫ್ಯಾಕ್ಟರಿಯ ನಮ್ಮ ಚೀಫ್ ಕೆಮಿಸ್ಟ್ ಸರ್. 2016ರ ಮಾರ್ಚ್‌ನಲ್ಲಿ, ನಾನು ಸೇರಿದ ವಾರ. ರಸದಲ್ಲಿ ಕರಗಿರೋ ಸಕ್ಕರೆ ಮುಂತಾದ ಅಂಶ ಅಳೆಯೋ ಬ್ರಿಕ್ಸ್ ಹೈಡ್ರೋಮೀಟರ್ ಜ್ಯೂಸಲ್ಲಿ ತೇಲ್ತಿತ್ತು, ನಾನು ನಿಂತೇ ಓದಿ ಬರೆದೆ. ಸರ್ ಪಕ್ಕದಲ್ಲಿ ಬಂದು ಏನೂ ಹೇಳದೆ ಮಂಡಿ ಮಡಚಿ ಕೂತು ಓದಿ, "ನೀನೂ ಕೂತು ಓದಮ್ಮ" ಅಂದ್ರು. ನನ್ನ ಮೊದಲನೇ ರೀಡಿಂಗಿಗೂ ಎರಡನೇದಕ್ಕೂ ಅರ್ಧ ಡಿಗ್ರಿ ಬ್ರಿಕ್ಸ್ ವ್ಯತ್ಯಾಸ. ಟೆಂಪರೇಚರ್ ನೋಡಿ 27.5 ಡಿಗ್ರಿಗೆ ಕರೆಕ್ಷನ್ ಹಾಕೋಕೆ ಹೇಳಿಕೊಟ್ಟಿದ್ದೂ ಅವತ್ತೇ. ಇಲ್ಲಿ ಲ್ಯಾಕ್ಟೋಮೀಟರ್‌ಗೆ 27 ಡಿಗ್ರಿ, ಅಷ್ಟೇ ವ್ಯತ್ಯಾಸ, ತೇಲೋದು ತೇಲೋದೇ. "ಈ ಅರ್ಧ ಡಿಗ್ರಿಯಲ್ಲಿ ರೈತನ ಕಬ್ಬು ಇದೆಯಮ್ಮ" ಅಂದಿದ್ರು. ಕಬ್ಬಿನ ಎಫ್‌ಆರ್‌ಪಿ ರೇಟ್, ಅಂದ್ರೆ ರೈತನಿಗೆ ಕೊಡಲೇಬೇಕಾದ ದರ, ನಿಗದಿ ಆಗೋದೇ ರಿಕವರಿ, ಅಂದ್ರೆ ಕಬ್ಬಿಂದ ಎಷ್ಟು ಸಕ್ಕರೆ ಬರುತ್ತೆ ಅನ್ನೋ ಲೆಕ್ಕದ ಮೇಲೆ, ನಾವು ಸೋಂಬೇರಿತನದಲ್ಲಿ ತಪ್ಪು ಓದಿದ್ರೆ ಆ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ. ಇಲ್ಲೂ ಅದೇ ಅಲ್ವಾ, ಡೈರಿಗೆ ಹಾಲು ಹಾಕೋರಿಗೆ ದುಡ್ಡು ಬರೋದು ಫ್ಯಾಟ್ ಮೇಲೆ, ನನ್ನ ಅಜ್ಜಿನೂ ಬೆಳಗ್ಗೆ ಬೆಳಗ್ಗೆ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತೋರೇ.

ಸರ್‌ಗೆ ನಾನೇ ಮೊದಲು ಹೇಳಬೇಕಿತ್ತು. ಫ್ಯಾಕ್ಟರಿ ಕೆಲಸ ಬಿಡ್ತೀನಿ ಅಂತ ಆಫೀಸಿಗೆ ಮೇಲ್ ಹಾಕಿದ್ದು ಮೊದಲು, ಸರ್‌ಗೆ ಗೊತ್ತಾಗಿದ್ದು ಆಫೀಸಿನವರಿಂದ. ಎದುರಿಗೆ ಹೋಗಿ ಹೇಳೋಕೆ ಬಾಯಿ ಬರಲಿಲ್ಲ. ಮೂರು ತಿಂಗಳಿಂದ ಸಂಬಳ ಇಲ್ಲ, ಮಗಳ ಸ್ಕೂಲ್ ಫೀಸ್ ಕಟ್ಟೋಕೆ ನಮ್ಮನೆಯವರು ಒಡವೆ ಬ್ಯಾಂಕಿಗೆ ಇಟ್ಟು ಬಂದಿದ್ರು, ಇನ್ನೇನು ಮಾಡಲಿ. ಸರ್‌ಗೂ ಮೂರು ತಿಂಗಳಿಂದ ಸಂಬಳ ಇರಲಿಲ್ಲ. ಗೇಟ್ ಹತ್ರ ಕಬ್ಬಿನ ಬಿಲ್ ಕೇಳ್ಕೊಂಡು ರೈತರು ಕೂತಿರ್ತಿದ್ರು, ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಲ್ಲೇ ಇದೆ. ಅವರ ಮಧ್ಯೆ ಹಾದು ಒಳಗೆ ಹೋಗೋವಾಗ ತಲೆ ತಗ್ಗಿಸಿಕೊಂಡೇ ಹೋಗ್ತಿದ್ದೆ. ಜೂನ್ 30 ಕೊನೇ ದಿನ. ಸರ್ ನನ್ನ ನೋ ಡ್ಯೂ ಫಾರಂ ಮೇಲೆ ಸೈನ್ ಹಾಕಿ, ಪೆನ್ ಕ್ಯಾಪ್ ಮುಚ್ಚಿ, "ಊಟ ಆಯ್ತೇನಮ್ಮ" ಅಂದ್ರು. ಅಷ್ಟೇ.

ಟ್ರೈನಲ್ಲಿ ಅಕೌಂಟ್ಸ್ ಅಕ್ಕ ಸಿಕ್ಕಿದ್ರು. ಲೇಡೀಸ್ ಬೋಗಿಯಲ್ಲಿ ನನ್ನ ಪಕ್ಕ ಜಾಗ ಹಿಡಿದಿರ್ತಾರೆ, ಮೈಸೂರಲ್ಲಿ ಒಂದು ಆಡಿಟರ್ ಹತ್ರ ಕೆಲಸ. ಪಿಎಫ್ ತೆಗೆದುಬಿಡೋಣ ಅಂತಿದೀನಿ ಅಕ್ಕ, ಒಡವೆ ಬಿಡಿಸಿಕೊಳ್ಳಬಹುದು ಅಂದೆ. ಬೈದ್ರು. ಕಂಪನಿ ಹಾಕೋ 12 ಪರ್ಸೆಂಟಲ್ಲಿ ಒಂದು ಪಾಲು ಪೆನ್ಷನ್‌ಗೆ ಹೋಗುತ್ತೆ, ಪೆನ್ಷನ್ ಬರಬೇಕು ಅಂದ್ರೆ ಹತ್ತು ವರ್ಷ ಸರ್ವಿಸ್ ಆಗಬೇಕು, ನಿಂದು ಒಂಬತ್ತು ವರ್ಷ ನಾಲ್ಕು ತಿಂಗಳು, ಇನ್ನು ಕೆಲವೇ ತಿಂಗಳಿಗೆ ಕೈ ಬಿಡ್ತಾರಾ ಯಾರಾದ್ರೂ ಅಂತ. ಪಿಎಫ್ ಖಾತೆಯ ಯುಎಎನ್ ನಂಬರ್ ಒಂದೇ ಇರೋದ್ರಿಂದ ಟ್ರಾನ್ಸ್‌ಫರ್ ಹಾಕಿದ್ರೆ ಹಳೇ ಸರ್ವಿಸ್ ಇದಕ್ಕೆ ಸೇರ್ಕೊಳ್ಳುತ್ತೆ. ಫ್ಯಾಕ್ಟರಿಯವರು ಬಿಟ್ಟ ತಾರೀಕು ಹಾಕಿಲ್ಲ ಅಂದ್ರೆ ಎರಡು ತಿಂಗಳು ಕಳೆದಮೇಲೆ ಪೋರ್ಟಲ್‌ನಲ್ಲಿ ನಾವೇ ಹಾಕಬಹುದಂತೆ. ಪಾಸ್‌ಬುಕ್ ತೆಗೆಸಿ ನೋಡಿದ್ರು, ಕೊನೇ ನಾಲ್ಕು ತಿಂಗಳು ಕಟ್ಟೇ ಇಲ್ಲ. ಅದಕ್ಕೆ ಪಿಎಫ್ ಆಫೀಸಿಗೆ ದೂರು ಕೊಡು ಅಂದ್ರು. ಗ್ರಾಚುಟಿನೂ ಅವರೇ ಟಿಕೆಟ್ ಹಿಂದೆ ಬರೆದು ತೋರಿಸಿದ್ರು, ಕೊನೇ ಬೇಸಿಕ್ 22,000, ಅದನ್ನ 15ರಿಂದ ಗುಣಿಸಿ 26ರಿಂದ ಭಾಗಿಸಿ ಒಂಬತ್ತು ವರ್ಷಕ್ಕೆ, 1,14,230. ನಾಲ್ಕು ತಿಂಗಳು ಲೆಕ್ಕಕ್ಕಿಲ್ಲ, ಆರು ತಿಂಗಳು ದಾಟಿದ್ರೆ ಮಾತ್ರ ಇನ್ನೊಂದು ವರ್ಷ ಸೇರುತ್ತೆ. ಅರ್ಜಿ ರಿಜಿಸ್ಟರ್ಡ್ ಪೋಸ್ಟಲ್ಲೇ ಕಳಿಸು, ಕೈಗೆ ಕೊಡಬೇಡ ಅಂತ ಎರಡು ಸಲ ಹೇಳಿದ್ರು. ಆ ಟಿಕೆಟ್ ಪರ್ಸಲ್ಲಿ ಇಟ್ಕೊಂಡಿದೀನಿ.

ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಂದಾಗ ಬೋಗಿಯಲ್ಲಿ ಎಲ್ರೂ ಒಂದು ಕ್ಷಣ ಮಾತು ನಿಲ್ಲಿಸ್ತಾರೆ, ಈ ವರ್ಷ ಜೂನ್ ಕೊನೆಗೇ ಕೆಆರ್‌ಎಸ್ ತುಂಬಿತ್ತಲ್ಲ, ಹೊಳೆ ನೋಡೋಕೇ ಚೆಂದ. ಅಲ್ಲಿ ದಾಟೋವಾಗೆಲ್ಲ ನನಗೆ ಆ ಶಸ್ತ್ರಾಗಾರ ನೆನಪಾಗುತ್ತೆ. ಡಬಲ್ ಲೈನ್ ಹಾಕೋಕೆ ಅಡ್ಡ ಬಂತು ಅಂತ 2017ರಲ್ಲಿ ಟಿಪ್ಪು ಕಾಲದ ಆ ಕಟ್ಟಡವನ್ನ ಒಡೀದೆ, ಬುಡಕ್ಕೆ ಜಾಕ್ ಕೊಟ್ಟು ಇಡಿಯಾಗಿ ಎತ್ತಿ ಬೇರೆ ಕಡೆ ಸರಿಸಿದ್ರು. ಆಗ ಪೇಪರ್‌ನಲ್ಲಿ ನೋಡಿ ನಮ್ಮನೆಯವರ ಜೊತೆ ಜಗಳ ಆಡಿದ್ದೆ, ಇಟ್ಟಿಗೆ ಗಾರೆ ಬಿರುಕು ಬಿಡದೆ ಹೆಂಗೆ ಬರುತ್ತೆ ಅಂತ. ಬಂತು. ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿದ್ರು ಅದಕ್ಕೆ ಬಂತು ಅಂತ ಅವರು ಈಗಲೂ ಹೇಳ್ತಾರೆ.

ಮಗಳು ಆಗಲೇ ಮಲಗಿದ್ಲು, ನಾನು ಪಕ್ಕ ಕೂತಿದ್ದಕ್ಕೆ ಎಚ್ಚರ ಆಯ್ತು. ಮೊದಲು ಸೀಸನ್ ಟೈಮಲ್ಲಿ ಬಂದ್ರೆ ನನ್ನ ದುಪಟ್ಟಾ ಮೂಸಿ "ಅಮ್ಮ ಬೆಲ್ಲ" ಅಂತಿದ್ಲು, ಕಾಕಂಬಿ ವಾಸನೆ ಬಟ್ಟೆಗೆ ಹಿಡಿದಿರೋದು, ಒಗೆದ್ರೂ ಹೋಗ್ತಿರಲಿಲ್ಲ. ಇವತ್ತೂ ಮೂಸಿದ್ಲು. ಏನೂ ಹೇಳಲಿಲ್ಲ, ಹಂಗೇ ಕೈ ಹಿಡ್ಕೊಂಡು ಮಲಗಿದ್ಲು. ಉಳಿದಿರೋ ಬಳೆ ಎಣಿಸಿದ್ಲು ಅನ್ಸುತ್ತೆ.

ಸಂಜೆ ಹೊರಡೋಕೆ ಮುಂಚೆ ಮತ್ತೆ ಎರಡು ಗರ್ಬರ್ ಹಾಕಿದೆ, ಯಾರೂ ಹೇಳದೇನೇ. ಪಿಪೆಟ್ ತುದಿ ಓರೆ ಹಿಡಿದು, ಗೋಡೆಗುಂಟ, ಮನಸ್ಸಲ್ಲೇ ಇಪ್ಪತ್ತು ಎಣಿಸಿಕೊಂಡು. ಕೆಳಗೆ ಆಸಿಡ್ ತಿಳಿಯಾಗಿ, ಮೇಲೆ ಹಾಲು ಬೆಳ್ಳಗೆ, ಮಧ್ಯೆ ಕಂದು ಬಣ್ಣದ ಒಂದು ಗೆರೆ. ಎರಡರಲ್ಲೂ ಫ್ಯಾಟ್ 3.9 ಬಂತು. ಹುಡುಗ ರಿಜಿಸ್ಟರ್ ನೋಡಿ ಟಿಕ್ ಹಾಕಿದ. ಗಾಜು ತೊಳೆಯೋ ಅಕ್ಕ ಮನೆಗೆ ಹೋಗಿಯಾಗಿತ್ತು.

ಫ್ಯಾಕ್ಟರಿಯಲ್ಲಿ ಬಾಯ್ಲರ್ ಪೂಜೆ ಆಯ್ತು ಅಂತ ಯಾರೋ ಸ್ಟೇಟಸ್ ಹಾಕಿದ್ರು. ಹಂಗಿದ್ರೆ ಸರ್ ಈ ಹೊತ್ತಲ್ಲಿ ಲ್ಯಾಬಲ್ಲೇ ಇರ್ತಾರೆ, ಶುರುವಿನ ವಾರ ಅವರು ಮನೆಗೇ ಹೋಗಲ್ಲ. ನಂಬರ್ ತೆಗೆದು ಇಟ್ಕೊಂಡು ಅರ್ಧ ಗಂಟೆ ಆಯ್ತು. ಎತ್ತಿದ್ರೆ ಮೊದಲು ಏನು ಹೇಳೋದು, ಕ್ಷಮಿಸಿ ಸರ್ ಅನ್ನೋದಾ, ಇಲ್ಲ ಇವತ್ತು ಲ್ಯಾಕ್ಟೋಮೀಟರ್ ಓದೋವಾಗ ಒಬ್ರು