ಕಂಟೇನರ್ ಒಳಗೆ ಮಳೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಅಗರಬತ್ತಿ ಘಟಕದಲ್ಲಿ ನಾನು ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಒಂದು ಸಲ ಜರ್ಮನಿಗೆ ಹೋದ ಲೋಡಿನ ಫೋಟೊಗಳು ವಾಟ್ಸಾಪ್‌ನಲ್ಲಿ ಬಂದವು. ಮೇಲಿನ ಸಾಲಿನ ರಟ್ಟಿನ ಡಬ್ಬಗಳೆಲ್ಲ ನೆನೆದು ಕುಸಿದಿದ್ದವು. ಬತ್ತಿಗೆ ಬೂಷ್ಟು. ಕೆಳಗಿನವು ಮಾತ್ರ ಹೆಚ್ಚುಕಡಿಮೆ ಚೆನ್ನಾಗಿಯೇ ಇದ್ದವು.

ಸಮುದ್ರದ ನೀರು ನುಗ್ಗಿದೆ ಅಂತ ಎಲ್ಲರೂ ಹಡಗಿನವರನ್ನು ಬೈದೆವು. ಕಂಟೇನರ್‌ನಲ್ಲಿ ಒಂದು ತೂತೂ ಇರಲಿಲ್ಲ. ಕೊನೆಗೆ ಲೋಡಿಂಗ್ ಮಾಡುವ ಅಣ್ಣ ಬಾಯಿ ಬಿಟ್ಟರು: ‘ಆ ಪ್ಯಾಲೆಟ್‌ಗಳು ಆಷಾಢದ ಮಳೇಲಿ ಹೊರಗೇ ಬಿದ್ದಿದ್ವಲ್ಲ ಸಾರ್. ಎತ್ತೋವಾಗ್ಲೇ ಭಾರ ಇತ್ತು.’ ಪ್ಯಾಲೆಟ್ ಅಂದರೆ ಡಬ್ಬಗಳ ಕೆಳಗಿಡುವ ಮರದ ಹಲಗೆಯ ಚೌಕಟ್ಟು.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ನೀರು ತೊಟ್ಟಿಕ್ಕುತ್ತದಲ್ಲ, ಅದೇ ಕಥೆ. ಹಗಲು ಬಿಸಿಲಿಗೆ ಮರದ ತೇವ ಆವಿಯಾಗುತ್ತದೆ. ರಾತ್ರಿ ತಗಡಿನ ಚಾವಣಿ ತಣ್ಣಗಾದಾಗ ಆ ಆವಿ ಹನಿಯಾಗಿ ಮೇಲಿನ ಡಬ್ಬಗಳ ಮೇಲೆ ಬೀಳುತ್ತದೆ. ಹೀಗೆ ವಾರಗಟ್ಟಲೆ.

ತಪ್ಪು ನನ್ನದೇ. ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತು, ಪಕ್ಕದಲ್ಲಿ ಎಚ್‌ಟಿ (ಹೀಟ್ ಟ್ರೀಟ್‌ಮೆಂಟ್) ಮುದ್ರೆ ಇತ್ತು. ದೇಶ ದಾಟುವ ಮರದ ಪ್ಯಾಕಿಂಗ್‌ಗೆ ಇರುವ ಐಎಸ್‌ಪಿಎಂ 15 ಅನ್ನೋ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮರದ ಒಳತಿರುಳಿಗೂ ಕನಿಷ್ಠ 30 ನಿಮಿಷ 56 ಡಿಗ್ರಿ ಬಿಸಿ ತಾಗಿಸಿದ್ದಾರೆ ಅಂತ ಅದರರ್ಥ. ಅದು ಹುಳ ಸಾಯಲಿ ಅಂತ ಮಾಡುವ ಕೆಲಸ. ಆಮೇಲೆ ಮಳೆಯಲ್ಲಿ ನೆನೆದರೆ ಮುದ್ರೆ ಏನು ಮಾಡೀತು? ನಾನು ಮುದ್ರೆ ನೋಡಿ ಸುಮ್ಮನಾಗಿದ್ದೆ.

ಈಗ ತೇವ ಅಳೆಯುವ ಪುಟ್ಟ ಮೀಟರ್ ಇದೆ. ತೇವ ಶೇಕಡ 18 ದಾಟಿದ ಪ್ಯಾಲೆಟ್ ವಾಪಸ್. ತೇವ ಹೀರಲು ಡಬ್ಬದೊಳಗೆ ಇಡುವ ಸಿಲಿಕಾ ಪೊಟ್ಟಣ ಇಡೀ ಕಂಟೇನರ್‌ಗೆ ಸಾಲದು, ಅದಕ್ಕೆ ಗೋಡೆಗೆ ಇನ್ನೂ ಹೆಚ್ಚು ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ನೇತುಹಾಕುತ್ತೇವೆ. ಡಬ್ಬಗಳನ್ನು ಮೂಲೆಗೆ ಮೂಲೆ ಕೂಡುವಂತೆ ಪೇರಿಸುತ್ತೇವೆ, ರಟ್ಟಿನ ಡಬ್ಬದ ಬಹುಪಾಲು ಬಲ ಮೂಲೆಯಲ್ಲೇ. ತೇವ ತಗುಲಿದರೆ ಆ ಬಲವೂ ಹೋಯಿತು. ಲೋಡಿಗೆ ಮುಂಚೆ ಒಬ್ಬರು ಖಾಲಿ ಕಂಟೇನರ್ ಒಳಗೆ ನಿಲ್ಲಬೇಕು, ನಾವು ಬಾಗಿಲು ಹಾಕುತ್ತೇವೆ. ಎಲ್ಲಾದರೂ ಬೆಳಕು ಕಂಡರೆ ತೂತಿದೆ ಅಂತ. ಹೊಸ ಹುಡುಗನಿಗೆ ಹೇಳದೆ ಬಾಗಿಲು ಹಾಕಿದ ದಿನ ಅವನು ಕೂಗಿದ್ದು ಗೇಟಿನವರೆಗೂ ಕೇಳಿತ್ತು!

ಪ್ಯಾಲೆಟ್‌ಗಳಿಗೆ ಅಂತಲೇ ತಗಡಿನ ಶೆಡ್ ಹಾಕಿಸಿದ್ದೇವೆ. ಮಳೆ ಬಂದರೆ ಎಲ್ಲರೂ ಅಲ್ಲಿಗೇ ಬೈಕ್ ತರುತ್ತಾರೆ. ಮ್ಯಾನೇಜರ್ ಬೈಕನ್ನೂ ನಾನು ಆಚೆಗೆ ತಳ್ಳಿದ್ದೇನೆ.