ಮೊದಲನೆಯದಲ್ಲ, ಇಪ್ಪತ್ನಾಲ್ಕನೆಯ ರಿಯಾಕ್ಟರ್

ಅಣುವಿದ್ಯುತ್ತಿನ ಸಣ್ಣ ಮಾಡ್ಯುಲರ್ ರಿಯಾಕ್ಟರ್ ಎಂದ ಕೂಡಲೇ ಎಲ್ಲರ ಕಣ್ಣು 'ಸಣ್ಣ' ಎಂಬ ಪದದ ಮೇಲೆ ಬೀಳುತ್ತದೆ. ಆ ಪದದಿಂದ ಸುರಕ್ಷತೆಗೆ ಲಾಭ, ಖರ್ಚಿಗೆ ನಷ್ಟ. ಆ ನಷ್ಟವನ್ನು ತುಂಬಿಕೊಡಬೇಕಾದದ್ದು 'ಮಾಡ್ಯುಲರ್' ಎಂಬ ಎರಡನೆಯ ಪದ. ಒಂದೇ ನಕ್ಷೆಯ ರಿಯಾಕ್ಟರನ್ನು ಕಾರ್ಖಾನೆಯಲ್ಲಿ ಮತ್ತೆ ಮತ್ತೆ ಮಾಡುವುದು ಎಂದು ಅದರ ಅರ್ಥ, ಮತ್ತು ಆ ಕೆಲಸ ಇನ್ನೂ ಎಲ್ಲೂ ನಿಜವಾಗಿ ಶುರುವಾಗಿಲ್ಲ. ಈ ತಂತ್ರಜ್ಞಾನ ಗೆಲ್ಲಬೇಕು ಎಂಬ ಆಸೆ ಇರುವುದರಿಂದಲೇ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪ್ರಕಾರ ಒಂದು ಘಟಕಕ್ಕೆ 300 ಮೆಗಾವ್ಯಾಟ್ ವಿದ್ಯುತ್ತಿನವರೆಗೆ 'ಸಣ್ಣ'. ರೋಲ್ಸ್ ರಾಯ್ಸ್‌ನ ವಿನ್ಯಾಸ 470 ಮೆಗಾವ್ಯಾಟ್. ಅದನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಗಾತ್ರ ಯಾಕೆ ಹೀಗೆ ಮೇಲೆ ಏರುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ಲಾಭದ ಮಾತು. ನಿಯಂತ್ರಣ ಕಡ್ಡಿಗಳು ಇಳಿದು ವಿದಳನ, ಅಂದರೆ ಪರಮಾಣು ಒಡೆಯುವ ಕ್ರಿಯೆ, ನಿಂತರೂ ಇಂಧನ ಬಿಸಿಯಾಗುತ್ತಲೇ ಇರುತ್ತದೆ, ಏಕೆಂದರೆ ಒಡೆದ ಪರಮಾಣುಗಳ ಚೂರುಗಳು ಕ್ಷಯಿಸುತ್ತ ಶಾಖ ಬಿಡುತ್ತವೆ. ನಿಂತ ಕ್ಷಣದಲ್ಲಿ ಇದು ಪೂರ್ಣ ಶಾಖಶಕ್ತಿಯ ಶೇ 6.5ರಿಂದ 7. ಒಂದು ಗಂಟೆಯ ನಂತರ ಸುಮಾರು ಶೇ 1.5, ಒಂದು ದಿನದ ನಂತರ ಸುಮಾರು ಶೇ 0.5. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ರಿಯಾಕ್ಟರುಗಳು ಸರಿಯಾಗಿಯೇ ನಿಂತಿದ್ದವು. ಸುನಾಮಿಯ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿ, ಪಂಪುಗಳಿಗೆ ವಿದ್ಯುತ್ ಇಲ್ಲದಂತಾಗಿ, ಈ ಉಳಿಕೆ ಶಾಖವೇ ಇಂಧನವನ್ನು ಕರಗಿಸಿತು.

ಈಗ ಲೆಕ್ಕ. 3,000 ಮೆಗಾವ್ಯಾಟ್ ಶಾಖದ ದೊಡ್ಡ ರಿಯಾಕ್ಟರಿನಲ್ಲಿ ಒಂದು ದಿನದ ನಂತರ ಉಳಿಯುವ ಶಾಖ 15 ಮೆಗಾವ್ಯಾಟ್. ಕುದಿಯುವ ಒಂದು ಕಿಲೋ ನೀರು ಆವಿಯಾಗಲು 2.26 ಮೆಗಾಜೂಲ್ ಬೇಕು. ಅಂದರೆ ಅದೇ ಮಟ್ಟದಲ್ಲಿ ಶಾಖ ಬರುತ್ತಿದ್ದರೆ ದಿನಕ್ಕೆ ಸುಮಾರು 570 ಟನ್ ನೀರು ಆವಿಯಾಗಿ ಹೋಗುತ್ತದೆ. ಅಷ್ಟನ್ನು ಯಾರಾದರೂ ತುಂಬುತ್ತಲೇ ಇರಬೇಕು. 250 ಮೆಗಾವ್ಯಾಟ್ ಶಾಖದ ಒಂದು ಸಣ್ಣ ರಿಯಾಕ್ಟರ್ ಘಟಕಕ್ಕೆ, ಅಂದರೆ ಮಾಡ್ಯೂಲಿಗೆ, ಇದೇ ಲೆಕ್ಕ ಹಾಕಿದರೆ ಬರುವುದು 48 ಟನ್. ಇದನ್ನು ಪಂಪೇ ಇಲ್ಲದೆ ನಿಭಾಯಿಸಬಹುದು: ಇಡೀ ಮಾಡ್ಯೂಲನ್ನು ನೆಲದಡಿಯ ದೊಡ್ಡ ಕೊಳದಲ್ಲಿ ಮುಳುಗಿಸಿಟ್ಟರೆ ಕೊಳದ ನೀರೇ ಶಾಖವನ್ನು ಹೀರುತ್ತದೆ. ಅಮೆರಿಕದ ನುಸ್ಕೇಲ್ ಕಂಪನಿಯ ವಿನ್ಯಾಸ ಮಾಡುವುದು ಇದನ್ನೇ.

ಚೀನಾದ ಶಿದಾವೊ ಬೇ ಸ್ಥಾವರದ ದಾರಿ ಬೇರೆ. ಅಲ್ಲಿ 250 ಮೆಗಾವ್ಯಾಟ್ ಶಾಖದ ಎರಡು ರಿಯಾಕ್ಟರುಗಳು ಸೇರಿ 210 ಮೆಗಾವ್ಯಾಟಿನ ಒಂದೇ ಟರ್ಬೈನನ್ನು ತಿರುಗಿಸುತ್ತವೆ, ತಂಪಿಗೆ ಹೀಲಿಯಂ. ಇಂಧನ 6 ಸೆಂಟಿಮೀಟರ್ ವ್ಯಾಸದ ಗ್ರಾಫೈಟ್ ಉಂಡೆಗಳ ರೂಪದಲ್ಲಿದೆ. ಒಂದೊಂದು ಉಂಡೆಯೊಳಗೂ ಸುಮಾರು 7 ಗ್ರಾಂ ಯುರೇನಿಯಂ, ಮಿಲಿಮೀಟರಿಗಿಂತ ಚಿಕ್ಕ ಸಾವಿರಾರು ಕಾಳುಗಳಾಗಿ ಹುದುಗಿರುತ್ತದೆ. ಪ್ರತಿ ಕಾಳಿಗೂ ನಾಲ್ಕು ಕವಚ: ರಂಧ್ರಮಯ ಇಂಗಾಲ, ಬಿಗಿ ಇಂಗಾಲ, ಸಿಲಿಕಾನ್ ಕಾರ್ಬೈಡ್, ಮತ್ತೆ ಬಿಗಿ ಇಂಗಾಲ. ಸುಮಾರು 1,600 ಡಿಗ್ರಿ ಸೆಲ್ಸಿಯಸ್‌ವರೆಗೆ ಈ ಕವಚ ವಿಕಿರಣ ವಸ್ತುವನ್ನು ಹಿಡಿದಿಡುತ್ತದೆ. 2023ರಲ್ಲಿ ಅಲ್ಲಿ ಎರಡೂ ರಿಯಾಕ್ಟರುಗಳು ಶಕ್ತಿ ಉತ್ಪಾದಿಸುತ್ತಿರುವಾಗಲೇ ತಂಪು ಮಾಡುವ ವ್ಯವಸ್ಥೆಯನ್ನು ಬೇಕೆಂದೇ ನಿಲ್ಲಿಸಿ ನೋಡಿದರು. ರಿಯಾಕ್ಟರುಗಳು ತಾವಾಗಿ ತಣ್ಣಗಾದವು. ಅಣುವಿದ್ಯುತ್ತಿನ ಚರಿತ್ರೆಯಲ್ಲಿ ಇದು ಸಣ್ಣ ಸಾಧನೆಯಲ್ಲ.

ಇನ್ನು ದುಡ್ಡು. ಕಾರ್ಖಾನೆ ಕಟ್ಟುವ ಎಂಜಿನಿಯರುಗಳಲ್ಲಿ ಒಂದು ಹಳೆಯ ಸೂತ್ರವಿದೆ: ಖರ್ಚು ಗಾತ್ರದ 0.6 ಘಾತದಂತೆ ಬೆಳೆಯುತ್ತದೆ. 1,000 ಮೆಗಾವ್ಯಾಟಿನ ಸ್ಥಾವರವನ್ನು 100ಕ್ಕೆ ಇಳಿಸಿದರೆ ಖರ್ಚು ಹತ್ತನೆಯ ಒಂದಕ್ಕೆ ಇಳಿಯದೆ ನಾಲ್ಕನೆಯ ಒಂದರಲ್ಲೇ ನಿಲ್ಲುತ್ತದೆ. ಹಾಗಾಗಿ ಪ್ರತಿ ಮೆಗಾವ್ಯಾಟಿಗೆ ತಗಲುವುದು ಎರಡೂವರೆ ಪಟ್ಟು. 300 ಮೆಗಾವ್ಯಾಟಿಗೆ ಇಳಿಸಿದರೆ 1.6 ಪಟ್ಟು. ಕಾವಲು, ನಿಯಂತ್ರಣ ಕೊಠಡಿ, ಪರವಾನಗಿಯ ಕಡತ, ಇವೆಲ್ಲ ಗಾತ್ರದ ಜೊತೆ ಅಷ್ಟಾಗಿ ಕುಗ್ಗುವುದಿಲ್ಲ.

ಇದನ್ನು ಮರಳಿ ಗಳಿಸಬೇಕಾದದ್ದು ಕಲಿಕೆಯಿಂದ. ತಯಾರಿಕೆಯ ಒಟ್ಟು ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಖರ್ಚು ಶೇ 10 ಇಳಿಯುತ್ತದೆ ಎಂದುಕೊಳ್ಳಿ. 300 ಮೆಗಾವ್ಯಾಟಿನ ವಿನ್ಯಾಸ ದೊಡ್ಡದಕ್ಕೆ ಸಮನಾಗುವುದು 24ನೆಯ ರಿಯಾಕ್ಟರಿನ ಹೊತ್ತಿಗೆ. 100 ಮೆಗಾವ್ಯಾಟಿನದಾದರೆ 400 ದಾಟಬೇಕು! ಇಳಿಕೆ ಶೇ 20 ಆದರೆ ಚಿತ್ರ ಬದಲಾಗುತ್ತದೆ: 300ರದ್ದಕ್ಕೆ ನಾಲ್ಕೈದು ಸಾಕು, 100ರದ್ದಕ್ಕೆ ಹದಿನೇಳು. ಸೂತ್ರ ಒರಟು, ಒಪ್ಪುತ್ತೇನೆ. ಪಂಪು, ಕೊಳವೆಗಳನ್ನೇ ಕೈಬಿಟ್ಟ ಸರಳ ವಿನ್ಯಾಸಕ್ಕೆ ಹೊರೆ ಕಡಿಮೆಯಾಗಬಹುದು. ಆದರೂ ವಿನ್ಯಾಸಕಾರರು ಗಾತ್ರ ಹಿಗ್ಗಿಸುತ್ತ ಹೋಗುವುದಕ್ಕೆ ಕಾರಣ ಇದೇ. ನುಸ್ಕೇಲ್ ಮಾಡ್ಯೂಲ್ 50 ಮೆಗಾವ್ಯಾಟಿನಿಂದ 77ಕ್ಕೆ ಬಂದು ನಿಂತಿದೆ.

ಅಷ್ಟಾದರೂ ಅಮೆರಿಕದ ಐಡಾಹೋದಲ್ಲಿ ಈ ನುಸ್ಕೇಲ್ ಮಾಡ್ಯೂಲುಗಳನ್ನು ಕಟ್ಟುವ ಯೋಜನೆ ಉಳಿಯಲಿಲ್ಲ. ಆರು ಮಾಡ್ಯೂಲು, 462 ಮೆಗಾವ್ಯಾಟ್, ಅಂದಾಜು ವೆಚ್ಚ 930 ಕೋಟಿ ಡಾಲರ್. ಪ್ರತಿ ಮೆಗಾವ್ಯಾಟ್-ಗಂಟೆಗೆ 58 ಡಾಲರ್ ಎಂದಿದ್ದ ದರ ಸರ್ಕಾರಿ ನೆರವನ್ನು ಕಳೆದ ಮೇಲೂ 89ಕ್ಕೆ ಏರಿತು. ಕೊಳ್ಳಬೇಕಾಗಿದ್ದ ಊರುಗಳ ವಿದ್ಯುತ್ ಸಂಸ್ಥೆಗಳು ಸಾಕಷ್ಟು ಸಂಖ್ಯೆಯಲ್ಲಿ ಮುಂದೆ ಬರಲಿಲ್ಲ. 2023ರ ನವೆಂಬರಿನಲ್ಲಿ ಯೋಜನೆ ರದ್ದಾಯಿತು. ಆರ್ಡರ್ ಇಲ್ಲದೆ ದರ ಇಳಿಯದು, ದರ ಇಳಿಯದೆ ಆರ್ಡರ್ ಬಾರದು. ಈ ಗಂಟು ಬಿಚ್ಚಿಕೊಳ್ಳಲೇ ಇಲ್ಲ.

'ಕಾರ್ಖಾನೆಯಲ್ಲಿ ಮಾಡುತ್ತೇವೆ' ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ವೋಗ್ಟಲ್ ಸ್ಥಾವರದ ದೊಡ್ಡ ರಿಯಾಕ್ಟರುಗಳಿಗೂ ಮಾಡ್ಯೂಲುಗಳು, ಅಂದರೆ ಮೊದಲೇ ಜೋಡಿಸಿದ ಭಾಗಗಳು, ಲೂಯಿಸಿಯಾನದ ಕಾರ್ಖಾನೆಯೊಂದರಿಂದ ಬರುತ್ತಿದ್ದವು. ಅವು ತಡವಾಗಿ ಬಂದವು; ಬೆಸುಗೆ, ದಾಖಲೆಗಳಲ್ಲಿ ದೋಷ ಕಂಡುಬಂದು ಸರಿಪಡಿಸುವುದರಲ್ಲೇ ಕಾಲ ಹೋಯಿತು. ಅಣುಸ್ಥಾವರದಲ್ಲಿ ಉಕ್ಕಿನ ತುಂಡಿನಷ್ಟೇ ಅದರ ಕಾಗದವೂ ಮುಖ್ಯ. ಯಾವ ಬೆಸುಗೆಯನ್ನು ಯಾರು, ಯಾವ ಕಡ್ಡಿಯಿಂದ ಹಾಕಿದರು, ಯಾರು ಪರೀಕ್ಷಿಸಿದರು ಎಂಬುದಕ್ಕೆ ದಾಖಲೆಯಿಲ್ಲದ ಭಾಗ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಅಳವಡಿಸುವಂತಿಲ್ಲ. ಭರವಸೆಯ ಸುದ್ದಿಯೂ ಇದೆ. 2024ರಲ್ಲಿ ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ ಸಣ್ಣ ರಿಯಾಕ್ಟರಿನ ಪೂರ್ಣ ಗಾತ್ರದ ಮಾದರಿ ಒತ್ತಡ ಪಾತ್ರೆಯ ನಾಲ್ಕು ದಪ್ಪ ಬೆಸುಗೆಗಳನ್ನು ಎಲೆಕ್ಟ್ರಾನ್ ಕಿರಣದಿಂದ 24 ಗಂಟೆಯೊಳಗೆ ಮುಗಿಸಿದರು. ಹಳೆಯ ರೀತಿಯಲ್ಲಿ ಅದು ವರ್ಷದ ಕೆಲಸ.

ಪರವಾನಗಿಗೆ ಹಿಡಿಯುವ ಕಾಲವನ್ನು ಬೈಯುವವರು ಬಹಳ. ಅವರು ಒಂದು ಸಣ್ಣ ತೂತಿನ ಕಥೆ ಕೇಳಬೇಕು. ನುಸ್ಕೇಲ್ ರಿಯಾಕ್ಟರಿನ ನೀರಿನಲ್ಲಿ ಬೋರಾನ್ ಕರಗಿರುತ್ತದೆ. ಅದು ನ್ಯೂಟ್ರಾನುಗಳನ್ನು ನುಂಗಿ ವಿದಳನವನ್ನು ಹತೋಟಿಯಲ್ಲಿಡುತ್ತದೆ. ಅಪಘಾತದ ಹೊತ್ತಿನಲ್ಲಿ ನೀರು ಕುದಿದು ಆವಿಯಾದಾಗ ಬೋರಾನ್ ಕೆಳಗೇ ಉಳಿಯುತ್ತದೆ. ಆ ಆವಿ ತಣಿದು ಮರಳುವ ನೀರಿನಲ್ಲಿ ಬೋರಾನ್ ಇರುವುದಿಲ್ಲ. ಈ ಶುದ್ಧ ನೀರು ಹೊರವಲಯದಲ್ಲಿ ಸೇರಿಕೊಂಡು, ಒಮ್ಮೆಲೇ ಇಂಧನದತ್ತ ನುಗ್ಗಿದರೆ ನಿಂತ ವಿದಳನ ಮತ್ತೆ ಶುರುವಾಗಬಹುದು. ಸುರಕ್ಷತಾ ಪರಿಶೀಲಕರು ಇದನ್ನು ಎತ್ತಿ ತೋರಿಸಿದ ಮೇಲೆ, ಬಿಸಿನೀರು ಮೇಲೇರುವ ಒಳಗೊಳವೆಗೆ ರಂಧ್ರಗಳನ್ನು ಸೇರಿಸಿ ಎರಡೂ ಕಡೆಯ ನೀರು ಬೆರೆಯುವಂತೆ ಮಾಡಲಾಯಿತು. ಪಂಪಿಲ್ಲದ ವ್ಯವಸ್ಥೆ ಸರಳ ನಿಜ, ಆದರೆ ಅದರಲ್ಲಿ ನೀರು ಎಲ್ಲಿ ಹೇಗೆ ಹರಿಯುತ್ತದೆಂದು ಊಹಿಸುವುದು ಸರಳವಲ್ಲ. ತಗ್ಗಿಸಬೇಕಾದದ್ದು ಒಂದೇ ವಿನ್ಯಾಸವನ್ನು ದೇಶದಿಂದ ದೇಶಕ್ಕೆ ಮೊದಲಿನಿಂದ ಪರಿಶೀಲಿಸುವ ಶ್ರಮವನ್ನು. ಪರಿಶೀಲನೆಯ ಆಳವನ್ನು ಮುಟ್ಟಬಾರದು.

ಇಂಧನದ ತೊಡಕೂ ಇದೆ. ಈಗಿನ ಬಹುಪಾಲು ಸ್ಥಾವರಗಳ ಇಂಧನದಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪ್ರಮಾಣ ಶೇ 3ರಿಂದ 5. ಹಲವು ಹೊಸ ವಿನ್ಯಾಸಗಳಿಗೆ ಶೇ 5ರಿಂದ 20 ಬೇಕು. ಅದನ್ನು ವಾಣಿಜ್ಯ ಪ್ರಮಾಣದಲ್ಲಿ ಮಾರುತ್ತಿದ್ದದ್ದು ರಷ್ಯಾ ಮಾತ್ರ; ಯುಕ್ರೇನ್ ಯುದ್ಧದ ನಂತರ ಆ ದಾರಿ ಮುಚ್ಚಿ, ಅಮೆರಿಕದ ವಯೋಮಿಂಗ್‌ನ ನೇಟ್ರಿಯಂ ಎಂಬ ಹೊಸ ರಿಯಾಕ್ಟರಿನ ಯೋಜನೆ ಕನಿಷ್ಠ ಎರಡು ವರ್ಷ ಹಿಂದೆ ಬಿತ್ತು. ಜೊತೆಗೆ ಇಂಧನವಿರುವ ರಿಯಾಕ್ಟರಿನ ಗರ್ಭ ಚಿಕ್ಕದಾದಷ್ಟೂ ಅಂಚಿನಿಂದ ಸೋರಿಹೋಗುವ ನ್ಯೂಟ್ರಾನುಗಳು ಹೆಚ್ಚು, ಆದ್ದರಿಂದ ಅದೇ ಬಗೆಯ ಇಂಧನದಿಂದ ಹಿಂಡಬಹುದಾದ ಶಕ್ತಿ ಕಡಿಮೆ.

ಈಗ ಕಣ್ಣಿಡಬೇಕಾದ ಜಾಗ ಕೆನಡಾದ ಡಾರ್ಲಿಂಗ್ಟನ್. ಒಂದೇ ನಕ್ಷೆಯ 300 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರುಗಳು, ಒಂದೇ ಆವರಣ. 2025ರ ಏಪ್ರಿಲಿನಲ್ಲಿ ಮೊದಲನೆಯದಕ್ಕೆ ಕಟ್ಟುವ ಪರವಾನಗಿ ಸಿಕ್ಕಿತು. ಒಟ್ಟು ಅಂದಾಜು 2,090 ಕೋಟಿ ಕೆನಡಾ ಡಾಲರ್: ಮೊದಲನೆಯದಕ್ಕೆ 610 ಕೋಟಿ, ನಾಲ್ಕಕ್ಕೂ ಸೇರಿದ ಕೆಲಸಗಳಿಗೆ 160 ಕೋಟಿ. ಉಳಿದದ್ದನ್ನು ಮೂರರಿಂದ ಭಾಗಿಸಿದರೆ ತಲಾ 440 ಕೋಟಿ. ಇಳಿಕೆ ಶೇ 10ರ ದರದಲ್ಲಿ ನಡೆದರೆ ಆ ಮೂರರ ಸರಾಸರಿ 520 ಕೋಟಿಯ ಸುತ್ತ ನಿಲ್ಲುತ್ತದೆ. 440ಕ್ಕೆ ಬರಬೇಕಾದರೆ ಶೇ 20ರ ಹತ್ತಿರ ಇಳಿಯಬೇಕು. ಅಂದರೆ ಮೇಲಿನ ಲೆಕ್ಕದ ಒಳ್ಳೆಯ ತುದಿಯನ್ನೇ ನಂಬಿ ಅವರು ಹೊರಟಿದ್ದಾರೆ. ಅದು ನಿಜವಾಗುತ್ತದೆಯೇ ಎಂಬುದನ್ನು ಹೇಳಬೇಕಾದದ್ದು ಎರಡನೆಯ ರಿಯಾಕ್ಟರಿನ ಬಿಲ್ಲು.